ಒಂದೇ ಅನುದಾನ, ಮೂರು ಮೊತ್ತ: ಅಮೆರಿಕದ ಕಂಪನಿ ಪ್ರತಿಷ್ಠಾನಗಳ ವಾರ್ಷಿಕ ಲೆಕ್ಕವನ್ನು ಓದುವ ಬಗೆ

ಕಂಪನಿಗಳು ಕಟ್ಟಿದ ದತ್ತಿ ಪ್ರತಿಷ್ಠಾನಗಳ ಮಾತು ಬಂದಾಗ ಅವು ಎಷ್ಟು ಕೊಟ್ಟವು, ಯಾರಿಗೆ ಕೊಟ್ಟವು ಎಂದು ಕೇಳಿ ನಾವು ಸುಮ್ಮನಾಗುತ್ತೇವೆ. ಕೊಟ್ಟದ್ದನ್ನು ವರ್ಷದ ಕೊನೆಗೆ ಯಾವ ಲೆಕ್ಕಕ್ಕೆ ಹಿಡಿದರು, ಆ ಲೆಕ್ಕವನ್ನು ಯಾರ ಮುಂದೆ ಒಪ್ಪಿಸಿದರು ಎಂಬ ಪ್ರಶ್ನೆ ಲೆಕ್ಕಪರಿಶೋಧಕರ ಕೋಣೆಯಿಂದ ಹೊರಗೆ ಬರುವುದೇ ಅಪರೂಪ. ಇಂದಿನ ಉಪನ್ಯಾಸದಲ್ಲಿ ನಾನು ಆ ಪ್ರಶ್ನೆಯೊಂದನ್ನೇ ಹಿಡಿದುಕೊಂಡಿದ್ದೇನೆ. ಅದಕ್ಕೆ ಅಮೆರಿಕವನ್ನು ಆರಿಸಿಕೊಳ್ಳಲು ಕಾರಣವಿದೆ. ಅಲ್ಲಿ ಇಂಥ ಪ್ರತಿಷ್ಠಾನ ಪ್ರತಿವರ್ಷ ಸಲ್ಲಿಸುವ ತೆರಿಗೆ ವಿವರಪಟ್ಟಿ ಗೌಪ್ಯ ಕಾಗದವಲ್ಲ. ಯಾರು ಬೇಕಾದರೂ ತೆರೆದು ಓದಬಹುದಾದ ಸಾರ್ವಜನಿಕ ದಾಖಲೆ. ಅದರ ಹೆಸರು ಫಾರ್ಮ್ 990-ಪಿಎಫ್.

ಮೊದಲು ಸಂಸ್ಥೆಯ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳೋಣ. ಕಂಪನಿ ಪ್ರತಿಷ್ಠಾನ ಎನ್ನುವುದು ಕಂಪನಿಯ ಒಂದು ವಿಭಾಗವಲ್ಲ. ಕಾನೂನಿನ ಕಣ್ಣಿಗೆ ಅದು ಬೇರೆಯೇ ಸಂಸ್ಥೆ; ಅದಕ್ಕೆ ತನ್ನದೇ ಆಡಳಿತ ಮಂಡಳಿ, ತನ್ನದೇ ಬ್ಯಾಂಕ್ ಖಾತೆ, ತನ್ನದೇ ತೆರಿಗೆ ಗುರುತಿನ ಸಂಖ್ಯೆ ಇರುತ್ತವೆ. ಆದರೆ ಆ ಮಂಡಳಿಯಲ್ಲಿ ಕೂತವರು ಬಹುಮಟ್ಟಿಗೆ ಕಂಪನಿಯ ಹಿರಿಯ ಅಧಿಕಾರಿಗಳೇ ಆಗಿರುತ್ತಾರೆ, ಹಣ ಬರುವುದೂ ಬಹುತೇಕ ಆ ಒಂದೇ ಕಂಪನಿಯಿಂದ. ಸಾರ್ವಜನಿಕರ ಬಳಿ ದೇಣಿಗೆ ಎತ್ತದೆ ಒಂದೇ ಮೂಲದ ಹಣದಲ್ಲಿ ನಡೆಯುವ ದತ್ತಿ ಸಂಸ್ಥೆಯನ್ನು ಅಲ್ಲಿನ ಕಾನೂನು ಖಾಸಗಿ ಪ್ರತಿಷ್ಠಾನವೆಂದು ವರ್ಗೀಕರಿಸುತ್ತದೆ. ಪ್ರತಿಷ್ಠಾನಕ್ಕೆ ಕೊಟ್ಟ ಹಣವನ್ನು ಕಂಪನಿ ತನ್ನ ತೆರಿಗೆಯೋಗ್ಯ ಆದಾಯದ 10%ರವರೆಗೆ ಕಳೆದುಕೊಳ್ಳಬಹುದು. ಮಿತಿ ಮೀರಿದ ಭಾಗವನ್ನು ಮುಂದಿನ 5 ವರ್ಷಗಳಿಗೆ ಒಯ್ಯಬಹುದು. 2025ರ ತಿದ್ದುಪಡಿಯಿಂದಾಗಿ 2026ರಿಂದ ಕೆಳಗಿನ ಮಿತಿಯೊಂದೂ ಸೇರಿದೆ: ಆದಾಯದ 1%ಗಿಂತ ಮೇಲೆ ಕೊಟ್ಟ ಭಾಗಕ್ಕೆ ಮಾತ್ರ ವಿನಾಯಿತಿ. ಸರ್ಕಾರ ತನಗೆ ಬರಬೇಕಾದ ತೆರಿಗೆಯಲ್ಲಿ ಒಂದಷ್ಟನ್ನು ಬಿಟ್ಟುಕೊಟ್ಟಿರುವುದರಿಂದಲೇ ವಿನಾಯಿತಿ ಪಡೆದ ಹಣ ನಿಜಕ್ಕೂ ದಾನವಾಯಿತೇ ಎಂದು ಕೇಳುವ ಹಕ್ಕು ಜನರಿಗೆ ಬರುತ್ತದೆ.

ಈ ಹಕ್ಕು ತಾನಾಗಿ ಬಂದದ್ದಲ್ಲ. 1960ರ ದಶಕದ ಆರಂಭದಿಂದ ಟೆಕ್ಸಾಸಿನ ಸಂಸದ ರೈಟ್ ಪ್ಯಾಟ್ಮನ್ ಪ್ರತಿಷ್ಠಾನಗಳ ಬೆನ್ನು ಹತ್ತಿದರು. ಶ್ರೀಮಂತ ಕುಟುಂಬಗಳೂ ಕಂಪನಿಗಳೂ ದತ್ತಿಯ ಹೆಸರಿನಲ್ಲಿ ಹಣ ಕೂಡಿಟ್ಟು, ಅದನ್ನೇ ತಮ್ಮ ವ್ಯವಹಾರಕ್ಕೆ ತಿರುಗಿಸಿಕೊಳ್ಳುತ್ತಿವೆ ಎಂಬುದು ಅವರ ಆರೋಪದ ಸಾರ. ವರ್ಷಗಟ್ಟಲೆ ನಡೆದ ವಿಚಾರಣೆಗಳ ಬಳಿಕ 1969ರ ತೆರಿಗೆ ಸುಧಾರಣಾ ಕಾಯ್ದೆ ಬಂತು. ಆ ವರ್ಷದ ಡಿಸೆಂಬರ್ 30ರಂದು ಅಧ್ಯಕ್ಷ ನಿಕ್ಸನ್ ಅದಕ್ಕೆ ಸಹಿ ಹಾಕಿದರು. ಇವತ್ತಿನ ಖಾಸಗಿ ಪ್ರತಿಷ್ಠಾನಗಳ ಮೇಲಿರುವ ಮುಖ್ಯ ಕಟ್ಟುಪಾಡುಗಳೆಲ್ಲ ಆ ಕಾಯ್ದೆಯವು. ಸಂಸ್ಥೆಗೆ ಆದಾಯ ತೆರಿಗೆ ಇಲ್ಲದಿದ್ದರೂ ಅದರ ನಿವ್ವಳ ಹೂಡಿಕೆ ಆದಾಯದ ಮೇಲೆ, ಅಂದರೆ ಬಡ್ಡಿ, ಲಾಭಾಂಶ, ಷೇರು ಮಾರಿದ ಲಾಭ ಇವುಗಳ ಮೇಲೆ, ಚಿಕ್ಕದೊಂದು ವಿಶೇಷ ತೆರಿಗೆಯನ್ನೂ ಆಗಲೇ ಹಾಕಲಾಯಿತು. ಮೊದಲು 4% ಇದ್ದದ್ದು ಆಮೇಲೆ 2%ಕ್ಕೆ ಇಳಿಯಿತು, ಮುಂದೆ ಕೊಡುಗೆಯ ಪ್ರಮಾಣ ನೋಡಿ 1% ಅಥವಾ 2% ಎಂಬ ಇಬ್ಬಗೆಯ ದರವಾಯಿತು, 2019ರ ಡಿಸೆಂಬರ್‌ನ ತಿದ್ದುಪಡಿಯ ನಂತರ ಎಲ್ಲರಿಗೂ ಒಂದೇ ಎಂಬಂತೆ 1.39% ಆಗಿ ನಿಂತಿದೆ.

ಈಗ ಫಾರ್ಮಿನೊಳಗೆ ಹೋಗೋಣ. ಮೊದಲ ಭಾಗದಲ್ಲಿ ಆದಾಯವೂ ಖರ್ಚೂ ಸಾಲುಸಾಲಾಗಿ ಇವೆ: ಬಂದ ದೇಣಿಗೆ, ಬಡ್ಡಿ, ಲಾಭಾಂಶ, ಕೆಳಗೆ ಸಂಬಳ, ವಕೀಲರ ಶುಲ್ಕ, ಲೆಕ್ಕಪತ್ರದ ಶುಲ್ಕ, 25ನೇ ಸಾಲಿನಲ್ಲಿ ಕೊಟ್ಟ ದೇಣಿಗೆ ಮತ್ತು ಅನುದಾನ. ಇದರಲ್ಲಿ ಹೊಸತೇನಿಲ್ಲ. ಹೊಸತಿರುವುದು ಪಕ್ಕದಲ್ಲಿ ನಿಂತ ನಾಲ್ಕು ಅಂಕಣಗಳಲ್ಲಿ. ಮೊದಲನೆಯದು ಸಂಸ್ಥೆಯ ಪುಸ್ತಕದಲ್ಲಿ ಇರುವ ಹಾಗೆ. ಎರಡನೆಯದು ನಿವ್ವಳ ಹೂಡಿಕೆ ಆದಾಯ, 1.39% ತೆರಿಗೆ ಬೀಳುವುದು ಇದರ ಮೇಲೆ. ಮೂರನೆಯದು ಕೆಲವೇ ಬಗೆಯ ಸಂಸ್ಥೆಗಳಿಗೆ ಬೇಕಾಗುವಂಥದು, ಅದನ್ನು ಇಲ್ಲಿ ಬಿಟ್ಟುಬಿಡೋಣ. ನಾಲ್ಕನೆಯದು ದತ್ತಿ ಉದ್ದೇಶಕ್ಕಾಗಿ ನಿಜವಾಗಿ ಪಾವತಿ ಮಾಡಿದ ಹಣ, ಮತ್ತು ಇದನ್ನು ನಗದು ಪದ್ಧತಿಯಲ್ಲೇ ಬರೆಯಬೇಕು. ಸಂಸ್ಥೆಯ ಪುಸ್ತಕ ಯಾವ ಪದ್ಧತಿಯದಾದರೂ ಇರಲಿ, ಆ ವರ್ಷದೊಳಗೆ ಚೆಕ್ ಹೊರಗೆ ಹೋಗಿದ್ದರೆ ಮಾತ್ರ ನಾಲ್ಕನೆಯ ಅಂಕಣದಲ್ಲಿ ಅದಕ್ಕೆ ಜಾಗ. ಇಡೀ ಫಾರ್ಮಿನಲ್ಲಿ ಒಂದೇ ಒಂದು ಅಂಕಣವನ್ನು ಓದಲು ಸಮಯವಿದೆ ಎನ್ನುವವರಿಗೆ ನಾನು ತೋರಿಸುವುದು ಈ ನಾಲ್ಕನೆಯದನ್ನೇ.

ಏಕೆಂದು ಒಂದು ಕಲ್ಪಿತ ಲೆಕ್ಕದಿಂದ ತೋರಿಸುತ್ತೇನೆ. ಒಂದು ಕಂಪನಿ ಪ್ರತಿಷ್ಠಾನದ ಮಂಡಳಿ ಡಿಸೆಂಬರ್ ತಿಂಗಳಲ್ಲಿ ಸಭೆ ಸೇರಿ ಒಂದು ಆಸ್ಪತ್ರೆಗೆ ಮೂರು ವರ್ಷಗಳಲ್ಲಿ ಒಟ್ಟು 30 ಲಕ್ಷ ಡಾಲರ್ ಕೊಡುವುದೆಂದು ಯಾವ ಷರತ್ತೂ ಇಲ್ಲದೆ ಒಪ್ಪಿ, ಪತ್ರ ಕೊಟ್ಟು, ಮೊದಲ ಕಂತಿನ 10 ಲಕ್ಷವನ್ನು ಆ ತಿಂಗಳೇ ಪಾವತಿ ಮಾಡಿತು ಎಂದುಕೊಳ್ಳಿ. ಅಮೆರಿಕದ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಷರತ್ತಿಲ್ಲದ ವಾಗ್ದಾನ ಕೊಟ್ಟ ದಿನವೇ ಖರ್ಚು. 1993ರಲ್ಲಿ ಬಂದ ಮಾನದಂಡದಿಂದ ಈ ನಿಯಮ ನಡೆದುಬಂದಿದೆ. ಹಾಗಾಗಿ ಆಡಿಟ್ ಆದ ಹಣಕಾಸು ಪಟ್ಟಿಯಲ್ಲಿ ಆ ವರ್ಷದ ಅನುದಾನದ ಖರ್ಚು ಹೆಚ್ಚುಕಡಿಮೆ 30 ಲಕ್ಷ. ಹೆಚ್ಚುಕಡಿಮೆ ಎನ್ನಲು ಕಾರಣ, ಮುಂದೆ ಕೊಡಬೇಕಾದ ಕಂತುಗಳನ್ನು ಇವತ್ತಿನ ಮೌಲ್ಯಕ್ಕೆ ಇಳಿಸಿ ಬರೆಯುತ್ತಾರೆ. ಉಳಿದ 20 ಲಕ್ಷ ಆಸ್ತಿ–ಹೊಣೆ ಪಟ್ಟಿಯಲ್ಲಿ ಕೊಡಬೇಕಾದ ಅನುದಾನವೆಂದು ಹೊಣೆಯ ಕಡೆ ಕೂತಿರುತ್ತದೆ. ತೆರಿಗೆ ಫಾರ್ಮಿನ ನಾಲ್ಕನೆಯ ಅಂಕಣದಲ್ಲಿ ಮಾತ್ರ 10 ಲಕ್ಷ. ಆಸ್ಪತ್ರೆ ಇಂತಿಷ್ಟು ಹಾಸಿಗೆಗಳ ಘಟಕವನ್ನು ಕಟ್ಟಿ ಮುಗಿಸಿದರಷ್ಟೇ ಉಳಿದ ಎರಡು ಕಂತು, ಇಲ್ಲದಿದ್ದರೆ ಹಣ ಕೊಡುವ ಬಾಧ್ಯತೆಯೇ ಇಲ್ಲ ಎಂಬ ಷರತ್ತನ್ನು ಪತ್ರದಲ್ಲಿ ಸೇರಿಸಿದ್ದರೆ, ಆ ಷರತ್ತು ಪೂರೈಸುವವರೆಗೆ ಆಡಿಟ್ ಪಟ್ಟಿಯಲ್ಲೂ ಆ 20 ಲಕ್ಷ ಖರ್ಚಾಗುವುದಿಲ್ಲ. ಪತ್ರದಲ್ಲಿ ಒಂದು ವಾಕ್ಯ ಹೆಚ್ಚಾದರೆ ವರ್ಷದ ಖರ್ಚು 20 ಲಕ್ಷದಷ್ಟು ಬದಲಾಗುತ್ತದೆ.

ಇನ್ನು ಮೂರನೆಯ ಮೊತ್ತ. ಕಂಪನಿ ಹೊರತರುವ ಹೊಳಪು ಕಾಗದದ ವಾರ್ಷಿಕ ವರದಿಯಲ್ಲಿ ನಮ್ಮ ಸಮಾಜಸೇವೆ ಈ ವರ್ಷ ಇಷ್ಟು ಎಂದು ದಪ್ಪಕ್ಷರದ ಸಂಖ್ಯೆಯೊಂದು ಇರುತ್ತದೆ. ಅದು ಆಡಿಟ್ ಪಟ್ಟಿಯ ಮೊತ್ತವೂ ಆಗಿರಬೇಕಿಲ್ಲ, ತೆರಿಗೆ ಫಾರ್ಮಿನದೂ ಆಗಿರಬೇಕಿಲ್ಲ. ಕಂಪನಿ ಪ್ರತಿಷ್ಠಾನಕ್ಕೆ ವರ್ಗಾಯಿಸಿದ್ದು 12 ಲಕ್ಷ, ಪ್ರತಿಷ್ಠಾನ ಹೊರಗೆ ಕೊಟ್ಟದ್ದು 10 ಲಕ್ಷ ಎಂದಿಟ್ಟುಕೊಂಡರೆ, ಎರಡನ್ನೂ ಕೂಡಿ 22 ಲಕ್ಷ ಎಂದು ಬರೆದಾಗ ಒಂದೇ ಹಣ ಎರಡು ಸಲ ಎಣಿಕೆಯಾಯಿತು. ಅದಕ್ಕೆ ಉಚಿತವಾಗಿ ಹಂಚಿದ ಉತ್ಪನ್ನಗಳ ಬೆಲೆ, ನೌಕರರು ಸ್ವಯಂಸೇವೆ ಮಾಡಿದ ಗಂಟೆಗಳ ಬೆಲೆ, ನೌಕರರೇ ತಮ್ಮ ಜೇಬಿನಿಂದ ಕೊಟ್ಟ ದೇಣಿಗೆ ಇವನ್ನೂ ಸೇರಿಸಿಬಿಟ್ಟರೆ ಮೊತ್ತ ಇನ್ನೂ ಉಬ್ಬುತ್ತದೆ. ಇದನ್ನು ಮೋಸ ಎಂದು ಕರೆಯಲು ನಾನು ಅವಸರ ಮಾಡುವುದಿಲ್ಲ. ಮೂರು ಕಾಗದಗಳೂ ಮೂರು ಬೇರೆ ಪ್ರಶ್ನೆಗಳಿಗೆ ಉತ್ತರ: ಏನನ್ನು ಒಪ್ಪಿಕೊಂಡೆವು, ಏನನ್ನು ಪಾವತಿ ಮಾಡಿದೆವು, ಏನನ್ನು ಹೇಳಿಕೊಳ್ಳಲು ಬಯಸುತ್ತೇವೆ. ಆದರೆ ಈ ಮೂರರ ನಡುವಿನ ಅಂತರವನ್ನು ಅರ್ಧ ಪುಟದ ತಾಳೆಪಟ್ಟಿಯಲ್ಲಿ ವಿವರಿಸಲು ಯಾವ ಪ್ರತಿಷ್ಠಾನಕ್ಕೂ ಕಷ್ಟವಿಲ್ಲ. ವಿವರಿಸದೆ ಇರುವುದು ಆಯ್ಕೆ. ಆ ಆಯ್ಕೆಯನ್ನು ಓದುಗರು ಗಮನಿಸಬೇಕು ಎಂಬುದಷ್ಟೇ ನನ್ನ ವಾದ.

ಸಂಬಳದ ಸಾಲಿನಲ್ಲೂ ಇಂಥದೇ ಒಂದು ಗಂಟಿದೆ. ಎಷ್ಟೋ ಕಂಪನಿ ಪ್ರತಿಷ್ಠಾನಗಳ ಫಾರ್ಮ್ ತೆರೆದರೆ ಅಧಿಕಾರಿಗಳ ಸಂಭಾವನೆ ಸೊನ್ನೆ, ನೌಕರರ ಸಂಬಳ ಸೊನ್ನೆ, ಬಾಡಿಗೆ ಸೊನ್ನೆ ಎಂದಿರುತ್ತದೆ. ಕೋಟ್ಯಂತರ ಡಾಲರಿನ ಅನುದಾನವನ್ನು ಯಾರೂ ಕೆಲಸ ಮಾಡದೆ ಹಂಚಲಾಗದು. ಕೆಲಸ ಮಾಡುವವರು ಕಂಪನಿಯ ಸಂಬಳದಲ್ಲಿದ್ದಾರೆ, ಅವರ ಸೇವೆ ಪ್ರತಿಷ್ಠಾನಕ್ಕೆ ಪುಕ್ಕಟೆ. ಪುಕ್ಕಟೆ ಸೇವೆಯ ಬೆಲೆಯನ್ನು 990-ಪಿಎಫ್‌ನಲ್ಲಿ ಆದಾಯವಾಗಲಿ ಖರ್ಚಾಗಲಿ ಎಂದು ತೋರಿಸುವಂತಿಲ್ಲ. ಆಡಿಟ್ ಆದ ಪಟ್ಟಿಯ ಮಾತು ಬೇರೆ. ಸಹಸಂಸ್ಥೆಯ ಸಿಬ್ಬಂದಿಯಿಂದ ಪಡೆದ ಸೇವೆಯನ್ನು ಅದಕ್ಕೆ ತಗಲಿದ ವೆಚ್ಚದ ಲೆಕ್ಕದಲ್ಲಿ ತೋರಿಸಬೇಕೆಂದು ಲೆಕ್ಕಪತ್ರ ಮಾನದಂಡದ 2013ರ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಅಲ್ಲಿ ಅದೇ ಮೊತ್ತ ದೇಣಿಗೆಯಾಗಿ ಒಳಗೆ ಬಂದು ಖರ್ಚಾಗಿ ಹೊರಗೆ ಹೋಗುತ್ತದೆ. ನಮ್ಮ ಆಡಳಿತ ವೆಚ್ಚ ಶೂನ್ಯ ಎಂದು ಎದೆಯುಬ್ಬಿಸಿಕೊಳ್ಳುವ ಪ್ರತಿಷ್ಠಾನಗಳ ಮಾತನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕು: ವೆಚ್ಚ ಇದೆ, ಬೇರೆಯವರ ಪುಸ್ತಕದಲ್ಲಿದೆ.

ವರ್ಷಕ್ಕೆ 5% ಹಂಚಲೇಬೇಕು ಎಂಬ ನಿಯಮದ ಬಗ್ಗೆ ಜನ ತುಂಬ ಮಾತಾಡುತ್ತಾರೆ. ದತ್ತಿ ಕೆಲಸಕ್ಕೆ ನೇರ ಬಳಕೆಯಲ್ಲಿಲ್ಲದ ಆಸ್ತಿಯ ಸರಾಸರಿ ಮಾರುಕಟ್ಟೆ ಮೌಲ್ಯದ 5%ರಷ್ಟನ್ನು ಮುಂದಿನ ವರ್ಷದ ಕೊನೆಯೊಳಗೆ ವಿನಿಯೋಗಿಸಬೇಕು; ತಪ್ಪಿದರೆ ಉಳಿದುಕೊಂಡ ಮೊತ್ತದ 30% ದಂಡತೆರಿಗೆ; ಒಂದು ವರ್ಷ ಹೆಚ್ಚು ಕೊಟ್ಟರೆ ಅದನ್ನು 5 ವರ್ಷ ಮುಂದಕ್ಕೆ ಒಯ್ಯಬಹುದು. ದೊಡ್ಡ ಮೂಲನಿಧಿ ಇರುವ ಕುಟುಂಬ ಪ್ರತಿಷ್ಠಾನಗಳಿಗೆ ಇದು ಜೀವಾಳದ ನಿಯಮ. ಕಂಪನಿ ಪ್ರತಿಷ್ಠಾನಗಳಲ್ಲಿ ಬಹುಪಾಲು ಕಂಪನಿಯಿಂದ ಬಂದ ಹಣವನ್ನು ಹೆಚ್ಚು ಕಾಲ ಇಟ್ಟುಕೊಳ್ಳದೆ ದಾಟಿಸುವಂಥವು. ಕೈಯಲ್ಲಿ 20 ಲಕ್ಷ ಉಳಿಸಿಕೊಂಡು ಕೋಟಿ ಹಂಚುವ ಸಂಸ್ಥೆಗೆ 5% ಲೆಕ್ಕಕ್ಕೇ ಬರುವುದಿಲ್ಲ. ಇಂಥ ಸಂಸ್ಥೆಯಲ್ಲಿ ನೋಡಬೇಕಾದದ್ದು ಕಂಪನಿಯಿಂದ ಹಣ ಯಾವ ವರ್ಷ ಬಂತು, ಯಾವ ವರ್ಷ ಬರಲಿಲ್ಲ ಎಂಬುದು. ಲಾಭ ಉಕ್ಕಿದ ವರ್ಷ ದೊಡ್ಡ ಮೊತ್ತ ಹಾಕಿ, ಮುಗ್ಗಟ್ಟಿನ ವರ್ಷಗಳಲ್ಲಿ ಅದರಿಂದಲೇ ಅನುದಾನ ನಡೆಸುವುದು ಪ್ರತಿಷ್ಠಾನವನ್ನು ಬೇರೆಯಾಗಿ ಕಟ್ಟಿಕೊಳ್ಳುವುದಕ್ಕೆ ಇರುವ ಒಳ್ಳೆಯ ಕಾರಣಗಳಲ್ಲಿ ಒಂದು. ನಾಲ್ಕಾರು ವರ್ಷಗಳ ಫಾರ್ಮುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಹಾಗೆ ಬಳಕೆಯಾಗಿದೆಯೇ ಎಂದು ತಿಳಿಯುತ್ತದೆ.

ನಿಜವಾದ ಬಿಗಿ ಇರುವುದು ಸ್ವಹಿತ ವ್ಯವಹಾರದ ನಿಷೇಧದಲ್ಲಿ. ಪ್ರತಿಷ್ಠಾನಕ್ಕೆ ಹಣ ಕೊಟ್ಟ ಕಂಪನಿ, ಪ್ರತಿಷ್ಠಾನದ ವ್ಯವಸ್ಥಾಪಕರು, ಅವರ ಮನೆಯವರು ಇವರೊಂದಿಗೆ ಪ್ರತಿಷ್ಠಾನ ಕೊಡುಕೊಳ್ಳುವ ವ್ಯವಹಾರ ಮಾಡುವಂತಿಲ್ಲ. ಕಂಪನಿಯ ಕಟ್ಟಡದಲ್ಲಿ ಒಂದು ಕೋಣೆಯನ್ನು ಬಿಟ್ಟಿಯಾಗಿ ಬಳಸಬಹುದು, ಬಾಡಿಗೆ ಕೊಟ್ಟು ಬಳಸಬಾರದು. ಬಾಡಿಗೆ ಮಾರುಕಟ್ಟೆ ದರಕ್ಕಿಂತ ಕಡಿಮೆಯಿದ್ದರೂ ಬಾರದು. ಒಪ್ಪಂದ ನ್ಯಾಯವಾಗಿತ್ತು ಎಂಬ ಸಮಜಾಯಿಷಿಗೆ ಇಲ್ಲಿ ಜಾಗವಿಲ್ಲ. ಕಂಪನಿ ತನ್ನ ಹೆಸರಿನಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ಕಾನೂನುಬದ್ಧ ವಾಗ್ದಾನ ಕೊಟ್ಟು, ಆಮೇಲೆ ಆ ಹಣವನ್ನು ಪ್ರತಿಷ್ಠಾನದಿಂದ ಪಾವತಿ ಮಾಡಿಸಿದರೆ ಅದೂ ನಿಷಿದ್ಧವೇ, ಯಾಕೆಂದರೆ ಪ್ರತಿಷ್ಠಾನ ಕಂಪನಿಯ ಸಾಲ ತೀರಿಸಿದಂತಾಯಿತು. ಹಣ ಹೋದದ್ದು ಒಳ್ಳೆಯ ವಿಶ್ವವಿದ್ಯಾಲಯಕ್ಕೇ ಆದರೂ ವ್ಯತ್ಯಾಸವಿಲ್ಲ.

ದಿನನಿತ್ಯದ ಕೆಲಸದಲ್ಲಿ ಎಡವುವುದು ಮಾತ್ರ ಇದಕ್ಕಿಂತ ಸಣ್ಣ ಕಲ್ಲಿಗೆ. ದತ್ತಿ ಸಂಸ್ಥೆಯೊಂದು ನಿಧಿ ಸಂಗ್ರಹಕ್ಕೆ ಔತಣಕೂಟ ಏರ್ಪಡಿಸುತ್ತದೆ. ಹತ್ತು ಜನ ಕೂರುವ ಮೇಜನ್ನು ಪ್ರತಿಷ್ಠಾನದ ಹಣದಲ್ಲಿ ಕೊಳ್ಳಲಾಗುತ್ತದೆ. ಸಂಜೆ ಅಲ್ಲಿ ಕಂಪನಿಯ ಮಾರಾಟ ವಿಭಾಗದವರು ತಮ್ಮ ಗಿರಾಕಿಗಳೊಂದಿಗೆ ಕೂತು ಊಟ ಮಾಡುತ್ತಾರೆ. ಆ ಊಟದ ಲಾಭ ಕಂಪನಿಗೆ ಸಂದಿತು. ಟಿಕೆಟಿನ ಹಣವನ್ನು ಕಂಪನಿಯೇ ಕೊಡಬೇಕಿತ್ತು. ಇದಕ್ಕೆ ಹೋಲಿಸಿದರೆ ಸಭಾಂಗಣದ ಗೋಡೆಯ ಮೇಲೆ ಕಂಪನಿಯ ಹೆಸರು ಬರುವುದು, ಸಾರ್ವಜನಿಕರಲ್ಲಿ ಒಳ್ಳೆಯ ಹೆಸರು ಬರುವುದು ಇವೆಲ್ಲ ಪ್ರಾಸಂಗಿಕ ಲಾಭ ಎಂದು ನಿಯಮಗಳೇ ಬಿಟ್ಟುಕೊಟ್ಟಿವೆ. ಗಿರಾಕಿಯ ತಟ್ಟೆಯಲ್ಲಿನ ಊಟ ತಪ್ಪು, ಶಾಶ್ವತವಾಗಿ ಗೋಡೆಯ ಮೇಲೆ ಕೂತ ಹೆಸರು ಸರಿ ಎನ್ನುವುದು ನನಗೆ ಪೂರ್ತಿ ಒಪ್ಪಿಗೆಯಾದ ವಿಂಗಡಣೆಯಲ್ಲ, ಆದರೆ ಕಾನೂನು ಇರುವುದು ಹಾಗೆ. ದಂಡದ ಕ್ರಮವನ್ನು ಗಮನಿಸಿ: ಸ್ವಹಿತ ವ್ಯವಹಾರಕ್ಕೆ ತೆರಿಗೆ ಬೀಳುವುದು ಪ್ರತಿಷ್ಠಾನದ ಮೇಲಲ್ಲ, ಲಾಭ ಪಡೆದವರ ಮೇಲೆ. ಮೊದಲ ಹಂತದಲ್ಲಿ ಮೊತ್ತದ 10%, ಗೊತ್ತಿದ್ದೂ ಒಪ್ಪಿಗೆ ಕೊಟ್ಟ ವ್ಯವಸ್ಥಾಪಕನಿಗೆ 5%. ಸರಿಪಡಿಸದೆ ಬಿಟ್ಟರೆ ಲಾಭ ಪಡೆದವರ ಮೇಲೆ 200%. ವಾರ್ಷಿಕ ಫಾರ್ಮಿನಲ್ಲಿ ಇವನ್ನೆಲ್ಲ ಹೌದು–ಇಲ್ಲ ಪ್ರಶ್ನೆಗಳಾಗಿ ಕೇಳಿರುತ್ತಾರೆ. ದಂಡತೆರಿಗೆ ಕಟ್ಟುವುದಿದ್ದರೆ ಫಾರ್ಮ್ 4720 ಎಂಬ ಬೇರೆ ವಿವರಪಟ್ಟಿ ಇದೆ.

ಕಂಪನಿಯ ನೌಕರರಿಗೆ ಸಂಬಂಧಿಸಿದ ಯೋಜನೆಗಳು ಈ ಗೆರೆಯ ಹತ್ತಿರದಲ್ಲೇ ನಡೆಯುತ್ತವೆ. ನೌಕರರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಕ್ರಮವನ್ನು ತೆರಿಗೆ ಇಲಾಖೆ ಮೊದಲೇ ಒಪ್ಪಿರಬೇಕು. 1976ರಿಂದ ಇರುವ ಅಳತೆ ಹೀಗಿದೆ: ಅರ್ಹರಾಗಿ ಅರ್ಜಿ ಹಾಕಿ ಪರಿಗಣನೆಗೆ ಬಂದ ಮಕ್ಕಳಲ್ಲಿ 25%ಗಿಂತ ಹೆಚ್ಚಿನವರಿಗೆ, ಅಥವಾ ಅರ್ಜಿ ಹಾಕಿರಲಿ ಬಿಡಲಿ ಅರ್ಹರಾದ ಒಟ್ಟು ಮಕ್ಕಳಲ್ಲಿ 10%ಗಿಂತ ಹೆಚ್ಚಿನವರಿಗೆ ವಿದ್ಯಾರ್ಥಿವೇತನ ಸಿಗಬಾರದು; ಎರಡರಲ್ಲಿ ಒಂದು ಮಿತಿಯೊಳಗಿದ್ದರೆ ಸಾಕು. ಎರಡನ್ನೂ ಮೀರಿದರೆ ಅದು ಸಂಬಳದ ಇನ್ನೊಂದು ರೂಪವೇ ಎಂಬ ಸಂಶಯ ಬರುತ್ತದೆ. ವಿಕೋಪಕ್ಕೆ ಸಿಕ್ಕ ನೌಕರರಿಗೆ ನೆರವು ಕೊಡಲು 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಬಂದ ಕಾನೂನು ಕಂಪನಿ ಪ್ರತಿಷ್ಠಾನಗಳಿಗೆ ದಾರಿ ಮಾಡಿಕೊಟ್ಟಿತು. ಆದರೆ ಆಯ್ಕೆ ಅಗತ್ಯವನ್ನು ನೋಡಿ ನಡೆಯಬೇಕು, ಆಯ್ಕೆ ಸಮಿತಿ ಸ್ವತಂತ್ರವಾಗಿರಬೇಕು, ದಾಖಲೆ ಇರಬೇಕು.

ಅನುದಾನ ಪಡೆಯುವ ಸಂಸ್ಥೆ ಅಮೆರಿಕದ ಸಾರ್ವಜನಿಕ ದತ್ತಿ ಸಂಸ್ಥೆ (ಸಾಮಾನ್ಯವಾಗಿ ಹಲವರ ದೇಣಿಗೆಯಲ್ಲಿ ನಡೆಯುವಂಥದು) ಅಲ್ಲದಿದ್ದರೆ, ಉದಾಹರಣೆಗೆ ಹೊರದೇಶದ ಸಂಸ್ಥೆಯಾಗಿದ್ದರೆ, ಕೊಟ್ಟವರ ಹೊಣೆ ಹೆಚ್ಚುತ್ತದೆ. ಆ ಸಂಸ್ಥೆ ಅಮೆರಿಕದ ಸಾರ್ವಜನಿಕ ದತ್ತಿ ಸಂಸ್ಥೆಗೆ ಸಮಾನವೆಂದು ದಾಖಲೆಗಳಿಂದ ತೀರ್ಮಾನಿಸಿಕೊಳ್ಳಬೇಕು. ಇಲ್ಲವಾದರೆ ಮುಂಚಿತವಾಗಿ ವಿಚಾರಣೆ ಮಾಡಿ, ಲಿಖಿತ ಒಪ್ಪಂದ ಮಾಡಿಕೊಂಡು, ಹಣ ಹೇಗೆ ಖರ್ಚಾಯಿತು ಎಂಬ ವರದಿ ತರಿಸಿಕೊಂಡು, ಅದರ ವಿವರವನ್ನು ತನ್ನ ವಾರ್ಷಿಕ ಫಾರ್ಮಿಗೆ ಲಗತ್ತಿಸಬೇಕು. ಅಮೆರಿಕದ ಪ್ರತಿಷ್ಠಾನದಿಂದ ಅನುದಾನ ಪಡೆದ ಸಂಸ್ಥೆಗಳು ಇಷ್ಟೊಂದು ವರದಿ ಯಾಕೆ ಕೇಳುತ್ತಾರೆ ಎಂದು ಗೊಣಗುವುದುಂಟು. ವರದಿ ಬಾರದಿದ್ದರೆ ಆ ಅನುದಾನವೇ ಪ್ರತಿಷ್ಠಾನಕ್ಕೆ ತೆರಿಗೆ ಬೀಳುವ ಖರ್ಚಾಗುವ ಅಪಾಯವಿದೆ, ದರ 20%. ಗೊಣಗುವ ಮುನ್ನ ಇದು ತಿಳಿದಿರಲಿ.

ಸಾಮಾನ್ಯ ಓದುಗರಿಗೆ ಫಾರ್ಮಿನ ಅತ್ಯಂತ ಉಪಯುಕ್ತ ಪುಟಗಳು ಕೊನೆಯ ಕಡೆ ಇವೆ. ಪೂರಕ ಮಾಹಿತಿಯ ಭಾಗದಲ್ಲಿ ವರ್ಷದೊಳಗೆ ಪಾವತಿಯಾದ ಅನುದಾನಗಳ ಪೂರ್ತಿ ಪಟ್ಟಿ, ಅದರ ಕೆಳಗೆ ಮುಂದಿನ ವರ್ಷಗಳಿಗೆ ಒಪ್ಪಿಗೆಯಾದವುಗಳ ಪಟ್ಟಿ. ನಮ್ಮ ಆಸ್ಪತ್ರೆಯ 10 ಲಕ್ಷ ಮೇಲಿನ ಪಟ್ಟಿಯಲ್ಲಿ, 20 ಲಕ್ಷ ಕೆಳಗಿನದರಲ್ಲಿ. ಪ್ರತಿ ಸಾಲಿನಲ್ಲಿ ಪಡೆದವರ ಹೆಸರು, ವಿಳಾಸ, ಅವರ ತೆರಿಗೆ ವರ್ಗ, ಉದ್ದೇಶ, ಮೊತ್ತ. ವರ್ಗದ ಅಂಕಣದಲ್ಲಿ ಸಾಲುಸಾಲಾಗಿ ಪಿಸಿ ಎಂದು ಕಂಡರೆ ಅದು ಸಾರ್ವಜನಿಕ ದತ್ತಿ ಸಂಸ್ಥೆಗಿರುವ ಸಂಕೇತ. ನೌಕರ ಕೊಟ್ಟಷ್ಟೇ ನಾವೂ ಕೊಡುತ್ತೇವೆ ಎನ್ನುವ ಜೋಡಿ ದೇಣಿಗೆ ಯೋಜನೆ ಇರುವ ಕಂಪನಿಗಳಲ್ಲಿ ಈ ಪಟ್ಟಿ ನೂರಾರು ಪುಟಕ್ಕೆ ಬೆಳೆಯುತ್ತದೆ. ಐವತ್ತು ಡಾಲರು, ನೂರು ಡಾಲರಿನ ಸಾಲುಗಳ ನಡುವೆ ದೊಡ್ಡ ಅನುದಾನ ಅಡಗಿಕೊಂಡಿರುತ್ತದೆ. ಉದ್ದೇಶದ ಅಂಕಣ ಮಾತ್ರ ಬೇಸರ ತರಿಸುವಂಥದು: ಸಾಮಾನ್ಯ ನೆರವು, ಶಿಕ್ಷಣ, ಮತ್ತೆ ಸಾಮಾನ್ಯ ನೆರವು. ಇಷ್ಟು ಕಟ್ಟುನಿಟ್ಟಿನ ದಾಖಲೆಯಲ್ಲಿ ಹಣ ಏತಕ್ಕೆ ಹೋಯಿತು ಎನ್ನುವ ಜಾಗವನ್ನೇ ಇಷ್ಟು ಸಡಿಲವಾಗಿ ತುಂಬುತ್ತಾರೆ. ಅನುದಾನ ಬಯಸುವವರು ಇದೇ ಭಾಗದ ಚಿಕ್ಕ ಚೌಕವೊಂದನ್ನು ಮೊದಲು ನೋಡಬೇಕು. ತಾನು ಮೊದಲೇ ಆರಿಸಿಕೊಂಡ ಸಂಸ್ಥೆಗಳಿಗಷ್ಟೇ ಕೊಡುವುದು, ಹೊರಗಿನಿಂದ ಅರ್ಜಿ ಸ್ವೀಕರಿಸುವುದಿಲ್ಲ ಎಂದಿದ್ದರೆ ಪ್ರತಿಷ್ಠಾನ ಅಲ್ಲಿ ಗುರುತು ಹಾಕಿರುತ್ತದೆ.

ಗಡುವಿನ ವಿಷಯ ಸರಳ. ಲೆಕ್ಕದ ವರ್ಷ ಮುಗಿದು ಐದನೇ ತಿಂಗಳ 15ರೊಳಗೆ ಸಲ್ಲಿಸಬೇಕು. ಡಿಸೆಂಬರಿಗೆ ಮುಗಿಯುವ ವರ್ಷಕ್ಕೆ ಮೇ 15. ಕೇಳಿದರೆ ಆರು ತಿಂಗಳ ಕಾಲಾವಕಾಶ ತಾನಾಗಿ ಸಿಗುತ್ತದೆ, ಆದರೆ ತೆರಿಗೆ ಕಟ್ಟುವುದಕ್ಕೆ ಆ ಅವಕಾಶವಿಲ್ಲ. ತಡವಾದರೆ ದಿನಕ್ಕಿಷ್ಟು ಎಂದು ದಂಡ. ಸತತ ಮೂರು ವರ್ಷ ಸಲ್ಲಿಸದೆ ಹೋದರೆ ವಿನಾಯಿತಿಯೇ ತಾನಾಗಿ ರದ್ದು. ಒಂದು ಪ್ರತಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಹೋಗಬೇಕು. ಸಾರ್ವಜನಿಕ ದತ್ತಿ ಸಂಸ್ಥೆಗಳು ತಮ್ಮ ದಾನಿಗಳ ಹೆಸರನ್ನು ಮರೆಮಾಚಿ ಪ್ರತಿ ಕೊಡಬಹುದು. ಖಾಸಗಿ ಪ್ರತಿಷ್ಠಾನಕ್ಕೆ ಆ ಸವಲತ್ತಿಲ್ಲ, ಹಾಗಾಗಿ ಯಾವ ಕಂಪನಿ ಎಷ್ಟು ಹಾಕಿತು ಎಂಬುದೂ ಬಯಲಿನಲ್ಲಿರುತ್ತದೆ.

ಉಪನ್ಯಾಸದ ನಡುವೆ ಸಭಿಕರೊಬ್ಬರು ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ: ಫಾರ್ಮ್ ಇರುವಾಗ ಆಡಿಟ್ ಪಟ್ಟಿ ಯಾಕೆ ಬೇಕು ಸರ್? ಕೇಂದ್ರ ತೆರಿಗೆ ಇಲಾಖೆ ಆಡಿಟ್ ಮಾಡಿಸಲೇಬೇಕೆಂದು ಹೇಳುವುದಿಲ್ಲ. ಆದರೆ ಫಾರ್ಮನ್ನು ತುಂಬುವುದು ಪ್ರತಿಷ್ಠಾನವೇ. ಅದರಲ್ಲಿ ಹೊರಗಿನ ಪರಿಶೋಧಕರ ಅಭಿಪ್ರಾಯ ಇರುವುದಿಲ್ಲ. ಆಡಿಟ್ ಪಟ್ಟಿಯ ಕೊನೆಗೆ ಬರುವ ಟಿಪ್ಪಣಿಗಳಲ್ಲಿ ಕಂಪನಿಯೊಂದಿಗಿನ ಸಂಬಂಧ, ಪುಕ್ಕಟೆ ಪಡೆದ ಸೇವೆಯ ಬೆಲೆ, ಮುಂದೆ ಯಾವ ವರ್ಷ ಎಷ್ಟು ಅನುದಾನ ಕೊಡಬೇಕಿದೆ ಎಂಬ ವೇಳಾಪಟ್ಟಿ ಇವೆಲ್ಲ ಸಿಗುತ್ತವೆ. ಆಡಿಟ್ ಪಟ್ಟಿಯನ್ನು ಜಾಲತಾಣದಲ್ಲಿ ಹಾಕುವ ಕಂಪನಿ ಪ್ರತಿಷ್ಠಾನ ಕಂಡರೆ ಅದರ ಬಗ್ಗೆ ನನಗೆ ಸ್ವಲ್ಪ ಹೆಚ್ಚಿನ ಗೌರವ ಮೂಡುತ್ತದೆ.

ಫಾರ್ಮುಗಳಂತೂ ಈಗ ಸುಲಭವಾಗಿ ಸಿಗುತ್ತವೆ. 2019ರ ಕಾನೂನಿನಿಂದಾಗಿ ಇವನ್ನು ಕಾಗದದಲ್ಲಿ ಸಲ್ಲಿಸುವ ಪದ್ಧತಿ ಹೋಗಿ ವಿದ್ಯುನ್ಮಾನ ಸಲ್ಲಿಕೆ ಕಡ್ಡಾಯವಾಯಿತು, ತೆರಿಗೆ ಇಲಾಖೆಯೇ ಆ ದತ್ತಾಂಶವನ್ನು ಪ್ರಕಟಿಸುತ್ತದೆ. ಪ್ರೊಪಬ್ಲಿಕಾ ಸುದ್ದಿಸಂಸ್ಥೆಯ ಜಾಲತಾಣದಲ್ಲಿ, ಫೌಂಡೇಶನ್ ಸೆಂಟರ್ ಮತ್ತು ಗೈಡ್‌ಸ್ಟಾರ್ ಸೇರಿ 2019ರಲ್ಲಿ ಆದ ಕ್ಯಾಂಡಿಡ್ ಸಂಸ್ಥೆಯಲ್ಲಿ ಹೆಸರು ಕೊಟ್ಟು ಹುಡುಕಬಹುದು. ಹುಡುಕುವಾಗ ಕಾಲದ ಅಂತರ ನೆನಪಿರಲಿ. ಜನವರಿಯಲ್ಲಿ ಕೊಟ್ಟ ಅನುದಾನ ಆ ವರ್ಷದ ಫಾರ್ಮಿನಲ್ಲಿ ಬಂದು, ಕಾಲಾವಕಾಶ ಪಡೆದು ಮರುವರ್ಷದ ನವೆಂಬರಿನಲ್ಲಿ ಸಲ್ಲಿಕೆಯಾಗಿ, ಪ್ರಕಟವಾಗುವ ಹೊತ್ತಿಗೆ ಎರಡು ವರ್ಷ ಹಳೆಯದಾಗಿರುತ್ತದೆ. ಅಷ್ಟರಲ್ಲಿ ಎರಡು ಸಲ ಕಂಪನಿಯ ವಾರ್ಷಿಕ ವರದಿ ಹೊರಬಂದಿರುತ್ತದೆ. ಆ ಹಳೆಯ ವರದಿಗಳನ್ನು ಕಂಪನಿಗಳು ಜಾಲತಾಣದಿಂದ ತೆಗೆದುಹಾಕುವುದುಂಟು. ತಾಳೆ ನೋಡಬೇಕೆನ್ನುವವರು ವರದಿ ಬಂದ ದಿನವೇ ಒಂದು ಪ್ರತಿ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.